ಎಡಗಡೆ ಗ್ಲಾಸು

“ಕಾಲ್ ಮಡಚೋ ಸಂಜು, ಲಗೂ. ಮೈ ಸೆಟೀತಂದ್ರ ಮುಂದ ಕುಂದ್ರಸ್ಲಿಕ್ಕಿ ಬರಂಗಿಲ್ಲ.”

ಕಾರಿನ ಹಿಂದಿನ ಸೀಟಿನ ಮೇಲೆ ಮಂಡಿಯೂರಿದ್ದ ಹಫೀಜ ಗೆಳೆಯ ಚಂದ್ರಾಮಪ್ಪನ ಕಂಕುಳಿಗೆ ಕೈಹಾಕಿ ಹೆಣವನ್ನು ಒಳಗೆಳೆದುಕೊಳ್ಳುತ್ತಿದ್ದ. ಹೊರಗೆ ನಿಂತ ಸಂಜುಕುಮಾರ ಅಪ್ಪನ ಮೊಣಕಾಲು ಮಡಚುತ್ತಿದ್ದ. ಒಂದು ಮಡಚಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು.

ಕಲಬುರಗಿಯ ಆಸ್ಪತ್ರೆಯ ಮುಂದೆ ಆಂಬುಲೆನ್ಸ್ ನಿಂತೇ ಇತ್ತು. ಆದರೆ ಅದರಲ್ಲಿ ಮಲಗಿಸಿ ಒಯ್ಯಬೇಕು. ಮಲಗಿದಂತೆಯೇ ಮೈ ಗಟ್ಟಿಯಾದರೆ ಸಮಾಧಿಯಲ್ಲಿ ಕೂರಿಸುವುದು ಹೇಗೆ? ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬಾಳಿದವನು ಮಣ್ಣಿಗೂ ಕುಳಿತೇ ಹೋಗಬೇಕು.

“ಅವರ ಬಂಡ್ಯಾಗೇ ಕುಂದ್ರಸ್ರಿ,” ಎಂದವಳು ಚಂದ್ರಾಮಪ್ಪನ ಹೆಂಡತಿ ಗುರಮ್ಮ. “ಇಷ್ಟು ವರ್ಸ ಮಂದಿ ಮದುಮಕ್ಕಳನ್ನ ಕುಂದ್ರಿಸ್ಯಾರ.”

ಎಡಗಡೆಯ ಕಿಟಕಿಗೆ ಕೂರಿಸಿ, ಎದೆಗೆ ಶಾಲು ಸುತ್ತಿ ಸೀಟಿಗೆ ಬಿಗಿದರು. ಪಕ್ಕದಲ್ಲಿ ಸಂಜು ಕುಳಿತ. ಗುರಮ್ಮ ಮುಂದೆ. ಹಳೆಯ ಕಾರಿನ ಹಟಗಳೆಲ್ಲ ಗೊತ್ತಿದ್ದವನು ಹಫೀಜನೊಬ್ಬನೇ, ಅವನೇ ಓಡಿಸಿದ. ಹೋಗಬೇಕಾದದ್ದು ಅಂದೋಲಾ ಆಚೆಗಿನ ಹೊಲಕ್ಕೆ. ದಾರಿ ಜೇವರ್ಗಿಯ ಮೇಲೆಯೇ.

ಫರಹತಾಬಾದ್ ದಾಟಿದ ಮೇಲೆ ಸಂಜು ಅಂದ: “ಚಾಚಾ, ಗ್ಲಾಸ್ ಇಳಸ್ರಿ. ಕುದಿ ಆಗ್ಲಿಕತ್ತದ.”

ಹಫೀಜ ಗೇರಿನ ಪಕ್ಕದ ಗುಂಡಿ ಒತ್ತಿದ. ಬಾಗಿಲೊಳಗೆ ಮೋಟರು ನರಳಿತು. ತುಂಬಿದ ಕೊಡ ಹೊತ್ತ ಬಸುರಿ ಬಾವಿಯ ಮೆಟ್ಟಿಲಿಳಿಯುವಂತೆ ಗಾಜು ಒಂದಿಷ್ಟು ಇಳಿಯಿತು, ನಿಂತಿತು, ಮತ್ತೊಂದಿಷ್ಟು ಇಳಿಯಿತು.

“ಸಾಯೂತನಾ ಇದೊಂದು ರಿಪೇರಿ ಮಾಡಿಸ್ಲಿಲ್ಲ ನೋಡು ನಮ್ಮಪ್ಪ.”

ಹಫೀಜ ಗೇರು ಬದಲಿಸಿದ.

“ವಿಜಿಗಿ ಹೇಳೀನಿ,” ಎಂದಳು ಗುರಮ್ಮ, ರಸ್ತೆಯಿಂದ ಕಣ್ಣು ಕೀಳದೆ. “ಜೇವರ್ಗಿದಾಗ ರೋಡಿಗಿ ನಿಂದರ್ತಾಳ. ಅಪ್ಪನ ಹಣಿಗಿ ಇಬತ್ತಿ ಹಚ್ಚಿ ಹೋಗ್ತಾಳ.”

“ಯವ್ವಾ, ತಲಿ ನೆಟ್ಟಗದನಿಲ್ಲ ನಿಂದು? ಕಾಕಾ ಏನಂದಾನ ಕೇಳಿಲ್ಲಾ? ಬ್ಯಾರೆ ಮಂದ್ಯಾಗ ಹೋದಾಕಿ ಮುಟ್ಟಿದ್ರ ಒಬ್ರೂ ಹೆಗಲು ಕೊಡಂಗಿಲ್ಲ ಅಂದಾನ. ನಾ ಒಬ್ನೇ ಹೊರಲ್ಯಾ?”

“ಹೆತ್ತ ಮಗಳಲಾ ಅಕಿ.”

“ಅಕಿ ಮಾರಿಗಿ ಗ್ಲಾಸ್ ಏರ್ಸಿದಾಂವ ಅಪ್ಪ. ನಾ ಅಲ್ಲ. ಚಾಚಾ, ಬಂಡಿ ನಿಂದ್ರಸಬ್ಯಾಡ್ರಿ.”

* * *

ಗುಂಡಿ ಒತ್ತಿದರೆ ತಾನೇ ಇಳಿಯುವ ಗಾಜನ್ನು ಈ ಕಾರು ಕೊಂಡ ಕಾಲಕ್ಕೆ ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಹತ್ತಿ ವ್ಯಾಪಾರಿಯೊಬ್ಬ ಮಾರಿದ ಕಾರನ್ನು ಚಂದ್ರಾಮಪ್ಪ ಮದುವೆಗಳಿಗೆ ಬಾಡಿಗೆಗೆ ಬಿಟ್ಟ. ಅಫಜಲಪುರ, ಆಳಂದದ ಕಡೆಯಿಂದಲೂ ಕರೆ ಬರುತ್ತಿತ್ತು. ಮಾತು ಹೇಳಿದರೆ ತೆರೆಯುವ ಕತೆಯ ಗವಿಯ ಬಾಗಿಲು ಇದೇ ಎಂದು ನಂಬಿದ್ದ ಪುಟ್ಟ ಮಗಳು ವಿಜಯಶ್ರೀ ಎಡಗಡೆಯ ಗಾಜಿನ ಅಂಚಿಗೆ ಗದ್ದ ಊರಿ, ಅದರ ಜೊತೆ ತಾನೂ ಏರುತ್ತಿದ್ದಳು.

ಅವಳು ಬೇರೆ ಜಾತಿಯವನನ್ನು ಮದುವೆಯಾಗಿ ಹೋದ ಮೇಲೆ ಆ ಗಾಜು ಇನ್ನಷ್ಟು ನಿಧಾನವಾಯಿತು. ಹಫೀಜನ ಜೇವರ್ಗಿಯ ಗ್ಯಾರೇಜಿನಲ್ಲಿ ಇಬ್ಬರೂ ಬಾಗಿಲಿನ ಹಲಗೆ ಬಿಚ್ಚಿದರು. ಹಫೀಜ ಮೊದಲು ಗುಂಡಿ ಬದಲಿಸಿದ. ಅರ್ಥಿಂಗ್ ವಾಯರು ಕೆರೆದು ಬಿಗಿದ. ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟು ನೋಡಿದ. ಗಾಜಿನಿಂದ ಬಿಡಿಸಿದರೆ ಮೋಟರು ಗಿರ್ರನೆ ತಿರುಗುತ್ತಿತ್ತು. ಕೊನೆಗೆ ಗಾಜು ಜಾರುವ ರಬ್ಬರಿನ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿದ. ಬೂದುಬಣ್ಣದ ಹೆಂಟೆ ಉದುರಿತು.

“ಇದೇನೋ ದೋಸ್ತ? ಸಿಮೆಂಟ್ ಹಾಕಿಯೇನು?”

ಚಂದ್ರಾಮಪ್ಪ ಅದನ್ನು ಮೂಸಿ ನೋಡಿದ. “ಇಬತ್ತಿ.”

ಪ್ರತಿ ಅಮಾವಾಸ್ಯೆ ಕಾರು ಪೂಜಿಸಿ ನಾಲ್ಕೂ ಗಾಜಿಗೆ ವಿಭೂತಿಯ ಮೂರು ಪಟ್ಟೆ ಎಳೆಯುತ್ತಿದ್ದ. ಮಗಳು ಕೂರುತ್ತಿದ್ದ ಎಡಗಡೆಗೆ ಬೊಗಸೆ ತುಂಬ ಬಳಿದು ಕೈಮುಗಿಯುತ್ತಿದ್ದ. ನೀರು ಬಿದ್ದಾಗೆಲ್ಲ ಅದು ಸಂದಿಗಿಳಿದು ಗ್ರೀಸಿನೊಡನೆ ಕಲ್ಲಾಗಿತ್ತು.

“ನಿನ್ನ ಭಕ್ತೀನೇ ಅಡ್ಡ ಕುಂತದ. ಸರಿ, ಕೆರದು ಒಗೀತೀನಿ.”

“ಬ್ಯಾಡ.”

“ಯಾಕ?”

“ಮೊನ್ನಿ ಇಲ್ಲೇ ಬಸ್‌ಸ್ಟ್ಯಾಂಡ್ ಕಡಿ ವಿಜಿ ಬಂದಿದ್ಲು. ಕೂಸಿನ್ನ ಎತ್ಕೊಂಡು ಈ ಕಿಡಕ್ಯಾಗೇ ಬಗ್ಗಿದ್ಲು. ನಾ ಮುಂದ್ ನೋಡ್ಕೊಂತ ಗ್ಲಾಸ್ ಏರ್ಸಿದೆ.” ಹೆಂಟೆಯನ್ನು ಬೆರಳಲ್ಲಿ ಪುಡಿಮಾಡಿದ. “ಅದು ಏರೂತನಾ ಅಕಿ ಮಾತಾಡ್ಕೊಂತನೇ ಇದ್ಲು. ಕೂಸಿಗಿ ಭಾಗಮ್ಮ ಅಂತ ನಿನ್ನವ್ವನ ಹೆಸರು ಇಟ್ಟೀನಿ ಯಪ್ಪಾ ಅಂದ್ಲು. ಆಮ್ಯಾಲ ಮುಚ್ತು. ಮುಂದ ಬಾಯಿ ಅಲಗಾಡೂದಷ್ಟೇ ಕಾಣಸ್ತು.”

“ಬಾಗಲಾ ತೆರದು ಇಳೀಬೇಕಿಲ್ಲೇನೋ ಹುಚ್ಚ?”

“ಇಳೀಬೇಕಿತ್ತು.” ಬಿಚ್ಚಿಟ್ಟ ಹಲಗೆ ಎತ್ತಿಕೊಂಡು ಅಂದ: “ಇದು ಲಗೂ ಏರಿತ್ತಂದ್ರ ಹೆಸರೂ ಕೇಳಿಸ್ತಿದ್ದಿಲ್ಲ. ಇರ್ಲಿ ಹಂಗೇ.”

ಹಲಗೆಯನ್ನು ಮತ್ತೆ ಜಡಿದರು. ಆಮೇಲೆ ಚಂದ್ರಾಮಪ್ಪ ಭೀಮೆಯ ಸೇತುವೆ ಕಂಡೊಡನೆ ಆ ಗಾಜು ಇಳಿಸತೊಡಗುತ್ತಿದ್ದ, ಜೇವರ್ಗಿ ಬರುವಷ್ಟರಲ್ಲಿ ಪೂರ್ತಿ ಇಳಿದಿರಲೆಂದು. ವಿಜಯಶ್ರೀ ಮತ್ತೆಂದೂ ಕಾರಿನ ಹತ್ತಿರ ಬರಲಿಲ್ಲ.

* * *

ಅವಳು ರಸ್ತೆಯ ಅಂಚಿನಲ್ಲೇ ನಿಂತಿದ್ದಳು, ಕಂಕುಳಲ್ಲಿ ಮಗು. ಹಫೀಜನ ಕಾಲು ಬ್ರೇಕಿನ ಮೇಲೆ ತಾನಾಗಿ ಬಿತ್ತು. ಕಾರು ನಿಂತ ಏಟಿಗೆ ಹೆಣದ ತಲೆ ಕಿಟಕಿಯತ್ತ ವಾಲಿತು.

“ಯಪ್ಪಾ!” ಹೊರಗಿನಿಂದ ವಿಜಯಶ್ರೀ ಕೂಗಿದಳು.

ಸಂಜು ಹಿಂದಿನಿಂದ ಬಾಗಿ ಗುಂಡಿ ಒತ್ತಿಹಿಡಿದ. ಮೋಟರು ನರಳಿತು. ಗಾಜು ಏರತೊಡಗಿತು.

ವಿಜಯಶ್ರೀ ಓಡಿಬಂದು ಸಂದಿಯೊಳಗೆ ಕೈಹಾಕಿದಳು. ಬೆವರಿದ ಮುಷ್ಟಿಯಲ್ಲಿ ವಿಭೂತಿ ಮುದ್ದೆಯಾಗಿತ್ತು. ಅಪ್ಪನ ಹಣೆಗೆ ಒಮ್ಮೆ, ಎರಡನೆಯ ಸಲ ಹುಬ್ಬಿನವರೆಗೂ ಬಳಿದಳು.

“ತಡಿಯೋ ಸಂಜು. ಕೂಸೂ ಒಂದೀಟು ಮುಟ್ಲಿ.”

“ಕೈ ತಗಿ ಬೇ ಅಕ್ಕಾ, ಸಿಗಬೀಳ್ತದ.” ಸಂಜುವಿನ ದನಿ ಒಡೆದಿತ್ತು. ಬೆರಳು ಮಾತ್ರ ಗುಂಡಿಯ ಮೇಲೆಯೇ ಇತ್ತು. “ತಗಿ ಅಂದೆ!”

“ಬಿಡೋ,” ಎಂದು ಗುರಮ್ಮ ಅವನ ಮಣಿಕಟ್ಟು ಹಿಡಿದು ಎಳೆದಳು. ಅವನು ಬಿಡಲಿಲ್ಲ.

ಹಫೀಜನ ಕೈ ಚಾವಿಯ ಮೇಲಿತ್ತು. ತಿರುವಿದ್ದರೆ ಕರೆಂಟು ಹೋಗಿ ಗಾಜು ಅಲ್ಲೇ ನಿಲ್ಲುತ್ತಿತ್ತು. ಹೆಣ ಅವರದು, ಹೆಗಲು ಕೊಡುವವರು ಅವರ ಮಂದಿ. ಅವನು ತಿರುವಲಿಲ್ಲ.

ವಿಜಯಶ್ರೀ ಕೈ ಹೊರಗೆಳೆದುಕೊಂಡು ಮಗುವನ್ನು ಎತ್ತಿಹಿಡಿಯುವಷ್ಟರಲ್ಲಿ ಗಾಜು ಮೇಲಿನ ರಬ್ಬರಿಗೆ ಕಚ್ಚಿಕೊಂಡಿತು. ತಾಯಿಯ ಕೈಯಿಂದ ವಿಭೂತಿ ಮೆತ್ತಿದ ಪುಟ್ಟ ಅಂಗೈ, ಅಜ್ಜನ ಮುಖದ ನೇರಕ್ಕೆ, ಹೊರಗಿನಿಂದ ಗಾಜಿಗೆ ಬಡಿಯಿತು.

“ನಡೀರಿ ಚಾಚಾ,” ಎಂದ ಸಂಜು. ಕಾರು ಮುಂದಕ್ಕೆ ಸರಿದಾಗಲೂ ವಿಜಯಶ್ರೀಯ ಬಾಯಿ ಅಲುಗುತ್ತಿತ್ತು. ಒಳಗೆ ಏನೂ ಕೇಳಿಸಲಿಲ್ಲ.

* * *

ಹೊಲದಲ್ಲಿ ಹೆಣ ಇಳಿಸುವಾಗ ಕಾಕಾ ಹಣೆಯನ್ನೇ ನೋಡಿದ. “ಹಸಿ ಇಬತ್ತಿ ಅದಲಾ. ಯಾರು ಹಚ್ಚಿದ್ರೋ?”

“ಅವ್ವ,” ಎಂದ ಸಂಜು.

ಗುರಮ್ಮ ತಲೆ ಎತ್ತಲಿಲ್ಲ.

ಸಮಾಧಿಯ ಗೂಡಿನಲ್ಲಿ ಚಂದ್ರಾಮಪ್ಪ ಸರಿಯಾಗಿಯೇ ಕುಳಿತ. ಮೈ ಕಾರಿನ ಸೀಟಿನ ಅಳತೆಗೆ ಗಟ್ಟಿಯಾಗಿತ್ತು. ಮಠದ ಅಯ್ಯನವರು ಬಿಲ್ವಪತ್ರಿ ಏರಿಸಿದರು. ಉಪ್ಪು ಬಿತ್ತು, ವಿಭೂತಿ ಬಿತ್ತು, ಆಮೇಲೆ ಮಣ್ಣು.

ಮಂದಿ ಬೋರಿನ ನೀರಿಗೆ ಕೈಕಾಲು ತೊಳೆಯಲು ಹೋದಾಗ ಗುರಮ್ಮ ಹಿಂದಿನ ಸೀಟಿಗೆ ಬಂದು ಗಂಡ ಕುಳಿತ ಜಾಗದಲ್ಲಿ ಕುಳಿತಳು. ಗಾಜಿನ ಮೇಲೆ ಮಗುವಿನ ಅಂಗೈ ಗುರುತು ಇನ್ನೂ ಇತ್ತು. ಸಂಜು ಅದನ್ನು ಬೋರಿನ ಹತ್ತಿರದಿಂದಲೇ ನೋಡಿದ. ಕಾಕಾನ ಕಡೆ ಒಮ್ಮೆ ತಿರುಗಿ, ಹೆಗಲ ಟವೆಲ್ಲನ್ನು ನೀರಿಗದ್ದಿಕೊಂಡು ಕಾರಿನತ್ತ ಬರತೊಡಗಿದ.

“ಹಫೀಜ,” ಎಂದಳು ಗುರಮ್ಮ. “ಇದನ್ನ ಇಳಸಪ್ಪ.”

ಮುಂದಿನ ಸೀಟಿನಲ್ಲಿದ್ದ ಹಫೀಜ ಚಾವಿ ತಿರುವಿ ಗುಂಡಿ ಒತ್ತಿದ. ಬಾಗಿಲೊಳಗಿನ ನರಳಿಕೆ ಶುರುವಾಯಿತು. ಸಂಜು ನಡಿಗೆ ನಿಧಾನಮಾಡಿದ. ಟವೆಲ್ಲಿನಿಂದ ನೀರು ಕರಿಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ಮೊದಲು ಮಣಿಕಟ್ಟು ಬಾಗಿಲೊಳಗೆ ಇಳಿಯಿತು, ಆಮೇಲೆ ಅಂಗೈ. ಒಂದಿಷ್ಟು ನಿಂತು, ಮತ್ತೊಂದಿಷ್ಟು ಇಳಿದು, ಕಡೆಗೆ ಬೆರಳ ತುದಿಗಳು ರಬ್ಬರಿನ ಸಂದಿಯಲ್ಲಿ ಮರೆಯಾದವು.