ಪೀಟಿ ಮೇಷ್ಟ್ರ ಕರಾಟೆ

ಕಾಮಸಮುದ್ರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ರಾಮಚಂದ್ರಪ್ಪ ಇಪ್ಪತ್ತೆರಡು ವರ್ಷಗಳಿಂದ ಪೀಟಿ ಮೇಷ್ಟ್ರು. ಕೊರಳಲ್ಲಿ ವಿಶಲ್ಲು, ಸೊಂಟದ ಮೇಲೆ ಕೈ, ವರ್ಷವರ್ಷಕ್ಕೂ ಒಂದಿಷ್ಟು ಮುಂದೆ ಬರುತ್ತಿದ್ದ ಹೊಟ್ಟೆ. ಮಕ್ಕಳು ಮೈದಾನ ಸುತ್ತಿದರೆ ತನಗೂ ವ್ಯಾಯಾಮವಾಗುತ್ತದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಹೆಣ್ಣುಮಕ್ಕಳಿಗೆ ಕರಾಟೆ ಕಲಿಸಬೇಕು, ಅದಕ್ಕೆ ಮೊದಲು ಮೇಷ್ಟ್ರುಗಳು ಹತ್ತು ದಿನ ಕಲಿಯಬೇಕು ಎಂಬ ಸುತ್ತೋಲೆ ಬಂದಾಗ, ಹತ್ತು ಯಾಕೆ, ತನಗೆ ಎರಡು ದಿನ ಸಾಕು ಎಂದುಕೊಂಡರು.

ತರಬೇತಿ ಆಂಡರ್ಸನ್‌ಪೇಟೆಯ ಒಂದು ಹಳೆಯ ಸಭಾಂಗಣದಲ್ಲಿ. ಬಿಳಿ ಬಟ್ಟೆಗೆ ಕಪ್ಪು ಬೆಲ್ಟು ಬಿಗಿದು ಬಂದ ಕೋಚನ್ನು ಅವರು ನೋಡಿದೊಡನೆ ಗುರುತಿಸಿದರು. ಅವಳು ನವ್ಯ, ಅವರದೇ ಶಾಲೆಯಲ್ಲಿ ಓದಿದವಳು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕಬಡ್ಡಿ ಟೀಮಿಗೆ ಸೇರಿಸಿಕೊಳ್ಳಿ ಎಂದು ಮೂರು ಸಲ ಕೇಳಿದ್ದಳು. "ಗಾಳಿ ಬಂದ್ರೆ ತೂರೋಗ್ತೀಯ, ಓಗಿ ನೆಳ್ಳಾಗೆ ಕುಂತ್ಕೊಳಮ್ಮ" ಎಂದು ಮೂರು ಸಲವೂ ಅವರು ಕಳಿಸಿದ್ದರು.

ಈಗ ಅವಳೇ ಕೈಮುಗಿದು, "ಚೆನ್ನಾಗಿದ್ದೀರಾ ಸಾರ್?" ಎಂದಳು. ನಂತರ ಎಲ್ಲರೂ ಮುಷ್ಟಿ ಕಟ್ಟಿ ತೋರಿಸಲು ಹೇಳಿದಳು. ರಾಮಚಂದ್ರಪ್ಪ ಎಲ್ಲರಿಗಿಂತ ಮೊದಲು ಕಟ್ಟಿ ಮುಂದೆ ಚಾಚಿದರು.

"ಸಾರ್, ಎಬ್ಬೆಟ್ಟು ಒಳಗಡೆ ಮಡಗಿದ್ರೆ ಒಡೆಯೋವಾಗ ಅದೇ ಮುರಿದೋಗ್ತದೆ. ಈಚೆಗೆ ಇಟ್ಕೊಳಿ."

ನಲವತ್ತೊಂಬತ್ತು ವರ್ಷ ತಪ್ಪು ಮುಷ್ಟಿ ಕಟ್ಟಿಕೊಂಡೇ ಬದುಕಿದ್ದೇನೆ, ಯಾರನ್ನೂ ಹೊಡೆಯದೆ ಇದ್ದದ್ದು ಪುಣ್ಯ ಎಂದು ಅವರಿಗೆ ಅನ್ನಿಸಿತು. ಕಾಲು ಎತ್ತಿ ಒದೆಯುವ ಪಾಠದಲ್ಲಿ ಅವರ ಪಾದ ಎದುರಿನವನ ಮೊಣಕಾಲಿನವರೆಗೆ ಮಾತ್ರ ಏರಿತು; ಪ್ಯಾಂಟಿನ ಹೊಲಿಗೆ ಅದಕ್ಕೂ ಮೊದಲೇ ಬಿಟ್ಟುಕೊಂಡಿತ್ತು. ಆದರೂ ಸಂಜೆ ಬಂಗಾರಪೇಟೆಯಲ್ಲಿ ಬಸ್ಸಿಳಿದು, ಕಳೆದುಹೋದ ಶಕ್ತಿಯನ್ನು ತುಂಬಿಕೊಳ್ಳಲೆಂದು ಎರಡು ಪ್ಲೇಟು ಪಾನಿಪುರಿ ತಿಂದು, ಹೆಂಡತಿ ಆದಿಲಕ್ಷ್ಮಿಯ ಮುಂದೆ, "ಎಲ್ಲಾ ಗೊತ್ತಿರೋದೇ ಕಣೆ" ಎಂದರು.

ಮೂರನೆಯ ದಿನ ಆತ್ಮರಕ್ಷಣೆಗೆಂದು ನೆಲದ ಮೇಲಿನ ಪಟ್ಟುಗಳು. ಕುಸ್ತಿಯೆಂದರೆ ಕಬಡ್ಡಿಯ ತಮ್ಮ, ಇಲ್ಲಿ ತನ್ನ ತೂಕವೇ ಗೆಲ್ಲುತ್ತದೆ ಎಂದು ರಾಮಚಂದ್ರಪ್ಪನವರೇ ಮುಂದೆ ಬಂದರು. ನವ್ಯ ಮೊದಲೇ ಹೇಳಿದಳು, "ಪಟ್ಟು ಬಿಗಿಯಾದ್ರೆ ಎರಡು ಸಲ ಮ್ಯಾಟು ತಟ್ಬಿಡಿ ಸಾರ್. ತಕ್ಷಣ ಬಿಟ್ಬಿಡ್ತೀನಿ."

ಮ್ಯಾಟಿನ ಮೇಲೆ ಅಂಗಾತ ಮಲಗಿದ ಅವಳ ಮೇಲೆ ಅವರು ಭಾರವನ್ನೆಲ್ಲ ಹಾಕಿ ಕೂತರು. ಅವಳು ಅವರ ಒಂದು ಕೈಯನ್ನೂ ಅದೇ ಕಡೆಯ ಪಾದವನ್ನೂ ಸೆರೆಹಿಡಿದು, ಸೊಂಟವನ್ನು ಕಮಾನಿನಂತೆ ಎತ್ತಿ ಪಕ್ಕಕ್ಕೆ ಹೊರಳಿದಳು. ಮರುಕ್ಷಣ ಮೇಷ್ಟ್ರು ಕೆಳಗೆ, ಅವರ ಎಡಗೈ ಅವಳ ಹಿಡಿತದಲ್ಲಿ. ತಟ್ಟಲು ಬಲಗೈ ಬಿಡುವಾಗಿಯೇ ಇತ್ತು. ಆದರೆ ಆ ಹೊತ್ತಿಗೆ ಅವರಿಗೆ ನೆರಳಿನಲ್ಲಿ ಕೂತ ಆ ತೆಳ್ಳನೆಯ ಹುಡುಗಿ ಕಣ್ಣಮುಂದೆ ಬಂದಳು. ಇವಳಿಗೆ ತಟ್ಟುವುದೇ? ಹಲ್ಲು ಕಚ್ಚಿ, ಬಿಡಿಸಿಕೊಳ್ಳಲು ಮೈಯನ್ನೆಲ್ಲ ಹಾಕಿ ಒಮ್ಮೆ ತಿರುಚಿದರು. ಭುಜ ಲಟಕ್ಕೆಂದಿತು.

ನವ್ಯಳೇ ಆಟೋದಲ್ಲಿ ಕ್ಲಿನಿಕ್ಕಿಗೆ ಕರೆದೊಯ್ದಳು. ಮೂಳೆ ಮುರಿದಿರಲಿಲ್ಲ, ಕೀಲು ಉಳುಕಿತ್ತು. ಮೂರು ವಾರ ಕೈ ಜೋಲಿಯಲ್ಲಿರಬೇಕು ಎಂದರು ಡಾಕ್ಟರು. ಹೊರಗಿನ ಬೆಂಚಿನ ಮೇಲೆ ಕೂತು ರಾಮಚಂದ್ರಪ್ಪ ಕೇಳಿದರು, "ಕಬಡ್ಡಿ ಟೀಮಿಗೆ ಸೇರಿಸ್ಕಳ್ನಿಲ್ಲ ಅಂತ ಸೇಡು ತೀರಿಸ್ಕೊಂಡೆಯೇನಮ್ಮ?"

"ಇಲ್ಲ ಸಾರ್. ಸೇಡಾಗಿದ್ರೆ ಬಲಗೈ ಇಡೀತಿದ್ದೆ." ಅವಳು ಅವರ ಜೋಲಿಯ ಗಂಟು ಸರಿಮಾಡುತ್ತಾ ಹೇಳಿದಳು, "ಆವತ್ತು ಬೇಜಾರಾಗಿತ್ತು, ನಿಜ. ಆದ್ರೆ ಇವತ್ತು ನಾನು ಬಿಗೀನೇ ಮಾಡಿಲ್ಲ. ನೀವೇ ತಿರುಗಿಸ್ಕೊಂಡ್ರಿ."

ಅವರಿಗೆ ಭುಜಕ್ಕಿಂತ ಆ ಮಾತೇ ಹೆಚ್ಚು ನೋಯಿಸಿತು. "ತಪ್ಪು ನಂದೇ ಕಣಮ್ಮ," ಎಂದರು. ಯಾವ ತಪ್ಪು ಎಂದು ಅವಳು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ.

ಉಳಿದ ಏಳು ದಿನ ಕುರ್ಚಿಯ ಮೇಲೆ ಕೂತು ನೋಡಿದರು. ಶಾಲೆಗೆ ಹಿಂದಿರುಗುವಾಗ ದಾರಿಯುದ್ದಕ್ಕೂ ಒಂದು ಒಳ್ಳೆಯ ಸುಳ್ಳನ್ನು ಹೆಣೆದರು: ಬೈಕು, ನಾಯಿ, ತಿರುವು. ಆದರೆ ಮೈದಾನದಲ್ಲಿ ಸಾಲಾಗಿ ನಿಂತ ನಲವತ್ತೆರಡು ಹುಡುಗಿಯರು ಜೋಲಿಯನ್ನೇ ನೋಡುತ್ತಿದ್ದಾಗ ನಾಯಿ ಬಾಯಿಗೇ ಬರಲಿಲ್ಲ.

"ಇದೇ ಸ್ಕೂಲಲ್ಲಿ ಓದಿದ್ ಉಡುಗಿ ಕೆಡವಿದ್ಲು," ಎಂದರು. "ನಂಗಿಂತ ನಲವತ್ತು ಕೇಜಿ ಕಮ್ಮಿ. ತಟ್ಟು ಅಂದ್ಲು, ನಾನು ದೊಡ್ಡ ಮನುಷ್ಯ ನೋಡಿ, ತಟ್ಟಲಿಲ್ಲ."

ಮೊದಲು ಯಾರೂ ನಗಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ರಾಧ ಎಂಬುವಳು ಕಿಸಕ್ಕೆಂದಳು, ಇಡೀ ಮೈದಾನ ನಕ್ಕಿತು. ರಾಮಚಂದ್ರಪ್ಪನವರೂ ನಕ್ಕರು, ನಕ್ಕರೆ ಭುಜ ನೋಯುತ್ತಿತ್ತು.

ಅದೇ ಸಂಜೆ ಅವರು ನವ್ಯಳಿಗೆ ಫೋನು ಮಾಡಿದರು. ಅವಳು ಪ್ರತಿ ಶನಿವಾರ ಬಂದು ಕಲಿಸತೊಡಗಿದಳು. ಮಣಿಕಟ್ಟು ಹಿಡಿದವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಕೈ ಬಿಡಿಸಿಕೊಳ್ಳುವುದನ್ನು ಹುಡುಗಿಯರು ಒಂದೇ ದಿನದಲ್ಲಿ ಕಲಿತರು. ಮೇಷ್ಟ್ರಿಗೆ, ಜೋಲಿ ಬಿಚ್ಚಿದ ಮೇಲೂ, ಮೂರು ಶನಿವಾರ ಬೇಕಾಯಿತು.

ವರ್ಷದ ಕೊನೆಗೆ ವರದಿ ಕಳಿಸಬೇಕಾಯಿತು. ತರಬೇತುದಾರರ ಜಾಗದಲ್ಲಿ ನವ್ಯಳ ಹೆಸರಿತ್ತು. ಹೆಡ್‌ಮೇಡಂ ಪುಷ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

"ಕಲಿತ ಬಾಲಕಿಯರು ನಲವತ್ಮೂರು ಅಂತ ಬರ್ದಿದ್ದೀರಲ್ಲ ಮೇಷ್ಟ್ರೇ. ನಮ್ಮಲ್ಲಿರೋದು ನಲವತ್ತೆರಡೇ."

"ನನ್ನನ್ನೂ ಸೇರಿಸ್ಕೊಂಡೆ ಮೇಡಂ," ಎಂದರು ರಾಮಚಂದ್ರಪ್ಪ. "ಗಂಡಸರಿಗೆ ಬೇರೆ ಕಾಲಮ್ಮೇ ಇರ್ಲಿಲ್ಲ."