ಅಕ್ಕನ ಮನೆಯ ತಳಿ

ನನ್ನ ಅಕ್ಕ ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು. ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಕೂದಲು ಕತ್ತರಿಸುತ್ತಾಳೆ, ಹಿಂದಿನ ಕೋಣೆಯಲ್ಲಿ ನಾಯಿ ಸಾಕುತ್ತಾಳೆ. ಒಂದೇ ತಳಿ, ಮಾಗಿದ ಗೋಧಿಯ ಬಣ್ಣ, ರೇಷ್ಮೆಯಂಥ ಕೂದಲು. "ನಮ್ಮನೆ ಮರೀನ ಕಣ್ಮುಚ್ಕೊಂಡು ತಗೋಬಹುದು" ಎಂದು ಎಲ್ಲರಿಗೂ ಹೇಳುತ್ತಾಳೆ.

ಹಾಗೆ ಕಣ್ಣು ಮುಚ್ಚಿಕೊಂಡು ತೆಗೆದುಕೊಂಡವರಲ್ಲಿ ಗಡಿಯಾರ ರಿಪೇರಿಯವರೂ ಒಬ್ಬರು. ಅವರ ನಾಯಿ ಈ ಬೇಸಿಗೆಯಲ್ಲಿ ಭೇದಿ ಹತ್ತಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಸತ್ತುಹೋಯಿತು. ಫೋನಿನಲ್ಲಿ ಅಳುತ್ತಿದ್ದವರಿಗೆ ಅಕ್ಕ, "ನೀವೇ ಏನೋ ತಿನ್ನಿಸಿರ್ತೀರಿ. ನಮ್ಮ ತಳೀಲಿ ಅಂಥದ್ದೇನೂ ಇಲ್ಲ" ಎಂದುಬಿಟ್ಟಳು. ಪಕ್ಕದಲ್ಲೇ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಆ ನಾಯಿಗೆ ದಿನವೂ ತನ್ನ ತಟ್ಟೆಯಿಂದ ತಿನ್ನಿಸುತ್ತಿದ್ದದ್ದು ಅವರ ಪುಟ್ಟ ಮಗಳು.

ಅದೇ ಸೂಲಿನ ಇನ್ನೊಂದು ಮರಿ, ಗೋಧಿ ಎಂಬ ಹೆಸರಿನವಳು, ನನ್ನ ಮನೆಯಲ್ಲಿದ್ದಾಳೆ. ಹೆದರಿ ಅವಳನ್ನು ಪಶುವೈದ್ಯೆಯ ಬಳಿ ಕರೆದೊಯ್ದೆ.

"ಈ ತಳೀಲಿ ಕೆಲವಕ್ಕೆ ಕರುಳಿಂದ, ಕೆಲವಕ್ಕೆ ಕಿಡ್ನಿಯಿಂದ ಪ್ರೋಟೀನ್ ಸೋರತ್ತೆ. ಎರಡೂ ಇರೋವೂ ಉಂಟು. ಹುಟ್ಟಿನಿಂದ ಬರೋದು, ಆದ್ರೆ ಹೊರಗೆ ಕಾಣೋ ಹೊತ್ತಿಗೆ ತಡ ಆಗಿರತ್ತೆ" ಎಂದರು ವೈದ್ಯೆ. "ಬೆಳಗಿನ ಮೊದಲ ಮೂತ್ರ ಹಿಡ್ಕೊಂಡು ಬನ್ನಿ."

ಹಿಡಿಯುವುದೇನು ಹುಡುಗಾಟವೇ? ಉದ್ದ ಹಿಡಿಯ ಸೌಟು ಹಿಡಿದು ಗೋಧಿಯ ಹಿಂದೆ ಬಗ್ಗಿ ನಡೆದೆ. ಸೌಟು ಕಂಡೊಡನೆ ಅವಳಿಗೆ ಎಲ್ಲಿಲ್ಲದ ನಾಚಿಕೆ. ಪಕ್ಕದ ಮನೆಯ ಡ್ರೈವರ್ ಬೇಲಿಯ ಮೇಲಿಂದ ಇಣುಕಿ, "ಏನಮ್ಮಾ, ಬಡಿಸ್ತಿದ್ದೀರಾ?" ಎಂದ. ಕೆಲವು ಬೆಳಗುಗಳಲ್ಲಿ ಮಾನ ಕಳೆದುಕೊಂಡ ಮೇಲೆ ಅಂತೂ ಸಿಕ್ಕಿತು.

ಪ್ರೋಟೀನ್ ಇತ್ತು. ಆದರೆ ಸೋರಿಕೆ ಈಗಷ್ಟೇ ಶುರುವಾಗಿದೆ, ಮಾತ್ರೆ ಮತ್ತು ಪಥ್ಯದಲ್ಲಿ ವರ್ಷಗಟ್ಟಲೆ ಚೆನ್ನಾಗಿರಬಹುದು ಎಂದರು ವೈದ್ಯೆ. ಅವರ ಮುಂದೆಯೇ ಅತ್ತುಬಿಟ್ಟೆ. ಗೋಧಿಯ ಒಡಹುಟ್ಟಿದವರನ್ನೂ ಪರೀಕ್ಷೆ ಮಾಡಿಸಲು ಹೇಳಿದರು.

ಗೋಧಿಯನ್ನು ಕರೆದುಕೊಂಡು ನೇರವಾಗಿ ಅಕ್ಕನ ಮನೆಗೆ ಹೋಗಿ ವೈದ್ಯೆ ಹೇಳಿದ್ದನ್ನೆಲ್ಲ ತಿಳಿಸಿದೆ.

"ಎಲ್ಲರಿಗೂ ಹೇಳ್ಕೊಂಡು ಬಂದ್ರೆ ನನ್ನ ಹೆಸರು ಏನಾಗ್ಬೇಕು?" ಎಂದಳು ಅಕ್ಕ.

"ಹೆಸರು ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ? ಗಡಿಯಾರದವರ ಮಗು ತಾನೇ ನಾಯೀನ ಕೊಂದೆ ಅಂದ್ಕೊಂಡಿರತ್ತೆ ಕಣೇ!"

ಅಕ್ಕ ಕತ್ತರಿಯನ್ನು ಕೆಳಗಿಟ್ಟಳು. ಗೋಧಿಯನ್ನು ಹತ್ತಿರ ಎಳೆದುಕೊಂಡು ಬೆನ್ನು ಸವರಿದಳು. ಹುಟ್ಟಿದಾಗ ಹಾಲು ಕುಡಿಯಲಾಗದಿದ್ದ ಅವಳಿಗೆ ಹನಿ ಹನಿಯಾಗಿ ಹಾಲೆರೆದು ಉಳಿಸಿದವಳು ಅಕ್ಕನೇ. "ಇನ್ಮೇಲೆ ಮರಿ ಹಾಕ್ಸಲ್ಲ" ಎಂದು ಫೋನ್ ಎತ್ತಿಕೊಂಡಳು. ಮರಿ ತೆಗೆದುಕೊಂಡವರಿಗೆಲ್ಲ ವಿಷಯ ಹೇಳಿದಳು; ಕೆಲವರು ಬಾಯಿಗೆ ಬಂದಂತೆ ಬೈದರೂ ಮುಂದಿನವರಿಗೆ ಫೋನ್ ಮಾಡಿದಳು. ಒಬ್ಬಾಕೆ, ತನ್ನ ನಾಯಿಯ ಕಾಲು ಊದಿಕೊಂಡಿದೆ, ಈಗಲೇ ಆಸ್ಪತ್ರೆಗೆ ಹೊರಟೆ ಎಂದಳು.

ಗಡಿಯಾರದವರಿಗೆ ಮಾತ್ರ ಫೋನ್ ಮಾಡಲಿಲ್ಲ. "ಅವರಿಗೆ ಮುಖ ತೋರಿಸೇ ಹೇಳ್ಬೇಕು, ನೀನೂ ಬಾ" ಎಂದಳು. ಗೋಧಿಯೂ ಸೇರಿ ಮೂವರೂ ನಡೆದೇ ಹೋದೆವು.

ಹುಡುಗಿ ಅಂಗಡಿಯಲ್ಲೇ ಇದ್ದಳು. ಗೋಧಿಯನ್ನು ಕಂಡು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಆವತ್ತಿಂದ ಒಂದು ಹಕ್ಕಿಗೂ ಕಾಳು ಹಾಕಿಲ್ಲ ಇವಳು" ಎಂದರು ಅವಳ ಅಪ್ಪ.

ಅಕ್ಕ ಹುಡುಗಿಯ ಎದುರು ನೆಲದ ಮೇಲೆ ಕೂತಳು. "ನೀನು ತಿನ್ನಿಸಿದ್ದಕ್ಕೆ ಅದು ಸಾಯ್ಲಿಲ್ಲ ಪುಟ್ಟಿ. ಹುಟ್ಟುವಾಗ್ಲೇ ಅದಕ್ಕೆ ಕಾಯಿಲೆ ಇತ್ತು, ನಮ್ಮನೆಯಿಂದಲೇ ಬಂದಿದ್ದು. ಏನೂ ವಿಚಾರಿಸದೇನೇ ನಿಮ್ಮ ಮೇಲೆ ಹಾಕ್ಬಿಟ್ಟೆ. ನನ್ನದೇ ತಪ್ಪು."

"ಮೊಟ್ಟೆ ಕೊಟ್ಟಿದ್ದೆ."

"ಅದಕ್ಕಲ್ಲ."

"ಬಿಸ್ಕೆಟ್ಟೂ ಕೊಟ್ಟಿದ್ದೆ."

"ಅದಕ್ಕೂ ಅಲ್ಲ."

ಕೊಟ್ಟದ್ದನ್ನೆಲ್ಲ ಒಂದೊಂದಾಗಿ ಹೇಳಿದಳು ಹುಡುಗಿ. ಪ್ರತಿಯೊಂದಕ್ಕೂ ಅಕ್ಕ ಅಲ್ಲ ಅಲ್ಲ ಎಂದಳು. ಹೇಳಲು ಇನ್ನೇನೂ ಉಳಿಯದೆ ಹುಡುಗಿ ನನ್ನ ಕಡೆ ತಿರುಗಿದಳು.

"ಇವಳಿಗೆ ಏನು ಕೊಡಬಹುದು?"

ವೈದ್ಯೆ ಕೊಟ್ಟಿದ್ದ ಪಥ್ಯದ ಆಹಾರದ ಕಾಳುಗಳನ್ನು ಚೀಲದಿಂದ ತೆಗೆದು ಅವಳ ಮುಂದೆ ಹಿಡಿದೆ. ಹುಡುಗಿ ಬೆನ್ನ ಹಿಂದಿನಿಂದ ಒಂದು ಕೈಯನ್ನು ತೆಗೆದು ಅಂಗೈ ಚಾಚಿದಳು.