ರಾಹುಕಾಲದಲ್ಲಿ ಚಾಲೂ ಮಾಡಿದ ಕಾರು

ನಮ್ಮ ಕಾಕಾ ಅಮರೇಶಪ್ಪನವರಿಗೆ ಒಂದು ರೋಗವಿತ್ತು. ಎದುರಿನವರು ರಾಯಚೂರು ಕಡೆಯವರೆಂದು ಗೊತ್ತಾದರೆ ಸಾಕು, ಕಣ್ಣು ಮುಚ್ಚಿ ನಂಬಿಬಿಡುತ್ತಿದ್ದರು. ಊರು ಬಿಟ್ಟು ಬಂದು ತೆಲುಗು ನಾಡಿನ ಸಚಿವಾಲಯದಲ್ಲಿ ಮೂವತ್ತು ವರ್ಷ ಕಡತ ತಿರುವಿದ ಮನುಷ್ಯ, ಊರ ಮಾತು ಕಿವಿಗೆ ಬಿದ್ದರೆ ಬೆಣ್ಣೆಯಂತೆ ಕರಗುತ್ತಿದ್ದರು. 2009ರಲ್ಲಿ ನಿವೃತ್ತಿಯ ಹಣವನ್ನೆಲ್ಲ ಹಾಕಿ ಒಂದು ಹಳೆಯ ಜರ್ಮನ್ ಕಾರು ಕೊಂಡು ಮದುವೆಗಳಿಗೆ ಬಾಡಿಗೆಗೆ ಬಿಡುತ್ತೇನೆಂದು ಹೊರಟರು. ಮಾರುವವರು ರಾಯಚೂರು ಪಕ್ಕದ ಮಾನ್ವಿಯ ಶಿವಾನಂದ ಎಂದು ಕೇಳಿಯೇ ನನಗೆ ದಿಗಿಲಾಯಿತು.

ನಾನು ಶಿವದೇವಿ. ಕೂಕಟ್‌ಪಲ್ಲಿಯಲ್ಲಿ ಇಂಜಿನ್ ಬೋರಿಂಗ್ ಅಂಗಡಿ ನನ್ನದು. ಸವೆದ ಸಿಲಿಂಡರುಗಳನ್ನು ಕೊರೆದು ಸರಿಮಾಡಿಯೇ ಹೊಟ್ಟೆ ಹೊರೆಯುತ್ತೇನೆ. ಆದರೂ ಕಾಕಾ ನನ್ನನ್ನು ಕರೆದದ್ದು ಕಾರು ನೋಡಲಿಕ್ಕಲ್ಲ, ಆರತಿ ಮಾಡಲಿಕ್ಕೆ! ನಾನು ಉಪಕರಣದ ಚೀಲವನ್ನೂ ಹೊತ್ತುಕೊಂಡೇ ಹೋದೆ.

ಶುಕ್ರವಾರ ಬೆಳಿಗ್ಗೆ ಮಣಿಕೊಂಡದ ಆ ಬಂಗಲೆ ಮುಟ್ಟಿದಾಗ ಕಾರು ಹೂವಿನ ಹಾರ ಹಾಕಿಕೊಂಡು ನಿಂತಿತ್ತು.

“ಬರ್ರಿ ಬರ್ರಿ, ನಮ್ಮವರು ನೀವು,” ಎಂದರು ಶಿವಾನಂದ. “ಹತ್ತೂವರೆಗೆ ರಾಹುಕಾಲ ಹತ್ತತೈತಿ. ಅದರೊಳಗ ಪೂಜಾ ಮುಗಿಸಿ ಚಾವಿ ಇಸಗೊಂಡುಬಿಡ್ರಿ.”

ಕಾಕಾ ಕುಂಕುಮ ಹಚ್ಚಿದರು, ಕಾಯಿ ಒಡೆದರು. ನಾನು ಆರತಿ ತಟ್ಟೆ ಕೆಳಗಿಟ್ಟು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಕಾದ ಹಂಚು!

“ಯಾಕ್ರಿ, ಇಷ್ಟು ಸುಡಾಕತ್ತೈತಿ?”

“ಈಗಷ್ಟ ನೆರಳಿಗೆ ತಂದು ನಿಲ್ಲಿಸೇನವ್ವ.”

ಹತ್ತು ಹೆಜ್ಜೆ ಸರಿಸಿದರೆ ಇಂಜಿನ್ ಹೀಗೆ ಸುಡುವುದಿಲ್ಲ. ಸಿಲಿಂಡರಿನ ಒಳಗೋಡೆ ಗೀರಿದ್ದರೆ ತಣ್ಣಗಿದ್ದಾಗ ಅದು ಸದ್ದು ಮಾಡಿ ಹೇಳುತ್ತದೆ. ಬಿಸಿಯಾದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ. ಇಂಜಿನ್ ಆರುವಷ್ಟರಲ್ಲಿ ರಾಹುಕಾಲ. ರಾಹುಕಾಲದಲ್ಲಿ ನಮ್ಮವರು ಯಾರೂ ಗಾಡಿ ಮುಟ್ಟುವುದಿಲ್ಲ. ಶಿವಾನಂದರ ಲೆಕ್ಕ ಪಕ್ಕಾ ಇತ್ತು.

“ಇಂಜಿನ್ ಆರಲಿ ಕಾಕಾ, ಆಮ್ಯಾಲೆ ಚಾಲೂ ಮಾಡಿ ನೋಡೋಣು.”

“ಕಾಯಿ ಒಡದೀವಿ, ಇನ್ನೇನು ನೋಡೋದು? ನಮ್ಮವರ ಮುಂದ ಮಾನ ತಗೀಬ್ಯಾಡ,” ಎಂದು ಕಾಕಾ ಹಲ್ಲು ಕಡಿದರು.

“ಕಾಯಿ ಒಡದದ್ದು ಇಂಜಿನ್ನಿಗೆ ಗೊತ್ತಿಲ್ರಿ. ಈಗ ಚಾವಿ ಇಸಗೊಂಡ್ರ ಈ ಗಾಡಿಗೆ ಮುಂದ ನಾ ಕೈ ಹಚ್ಚಂಗಿಲ್ಲ, ನೋಡ್ರಿ.”

ಹೇಳಿ ಜಗುಲಿಯ ಮೆಟ್ಟಿಲ ಮೇಲೆ ಕೂತೆ. ಏಳಲಿಲ್ಲ. ಎರಡು ಸಲ ಚಹಾ ಬಂತು, ಮುಟ್ಟಲಿಲ್ಲ. ಹತ್ತೂವರೆ ದಾಟಿತು. ಕಾಕಾ ನನ್ನ ಕಡೆ ನೋಡುವುದನ್ನೇ ಬಿಟ್ಟರು.

ಹನ್ನೊಂದೂವರೆಗೆ ಇಂಜಿನ್ ಕೈ ಇಡುವಷ್ಟು ಆರಿತ್ತು. ನಾನು ಚಾವಿ ಕೇಳಿದೆ.

“ರಾಹುಕಾಲದಾಗ ಯಾರರೆ ಹೊಸಾ ಗಾಡಿ ಚಾಲೂ ಮಾಡತಾರೇನವ್ವ?” ಎಂದರು ಶಿವಾನಂದ.

“ಹೊಸದಲ್ಲರಿ, ಎಂಟು ವರ್ಷದ್ದು. ಕೊಡ್ರಿ.”

ಚಾಲೂ ಮಾಡಿದೆ. ಟಕ್ ಟಕ್ ಟಕ್ ಎಂದು ಒಳಗಿನಿಂದ ಸದ್ದು ಬಂತು, ಹಿಂದಿನಿಂದ ನೀಲಿ ಹೊಗೆ. ಬಂದ್ ಮಾಡಿ ಒಂದು ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ತೆಳ್ಳನೆಯ ಕ್ಯಾಮೆರಾ ಕೊಳವೆ ಇಳಿಬಿಟ್ಟೆ. ಅದರ ಪುಟ್ಟ ಪರದೆಯನ್ನು ಕಾಕಾನ ಕೈಗೇ ಕೊಟ್ಟೆ.

“ಗೋಡಿ ನುಣ್ಣಗಿರಬೇಕ್ರಿ. ಮ್ಯಾಲಿಂದ ಕೆಳಗ ಗೀರು ಕಾಣಾಕತ್ತಾವಲ್ಲ, ಅಲ್ಲಿಂದ ಎಣ್ಣಿ ಕುಡೀತೈತಿ. ಇಂಜಿನ್ ಪೂರ್ತಿ ಬಿಚ್ಚದ ಇದು ರಿಪೇರಿ ಆಗಂಗಿಲ್ಲ.”

ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಶಿವಾನಂದರ ಕಡೆ ತಿರುಗಿದರು.

“ನಿಮಗಿದು ಗೊತ್ತಿತ್ತೇನ್ರಿ?”

“ನಮ್ಮವರು ಅಂತ ರೇಟು ಕಮ್ಮೀನ ಹೇಳಿದ್ನಲ್ಲರೀ...”

“ನಮ್ಮವರು ಅಂತನ ನನ್ನ ಕರದ್ರಿ. ಬ್ಯಾರೇದವರು ಇದನ್ನ ನೋಡದ ಬಿಡತಿದ್ದಿಲ್ಲ,” ಎಂದರು ಕಾಕಾ. ಪರದೆಯನ್ನು ನನ್ನ ಕೈಗಿಟ್ಟು, ಒಡೆದ ಕಾಯಿಯ ಹೋಳುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡರು. ಅವರನ್ನು ಹಾಗೆ ನೋಡಿ ನನಗೆ ಸಂಕಟವಾಯಿತು, ಆದರೆ ಪಶ್ಚಾತ್ತಾಪ ಎಳ್ಳಷ್ಟೂ ಆಗಲಿಲ್ಲ.

ಕಾರನ್ನು ಅಲ್ಲೇ ಬಿಟ್ಟು ಆಟೋ ಹತ್ತಿದೆವು. ಶಾಭಾಸ್ ಎನ್ನುತ್ತಾರೆಂದು ನಾನು ಕಾದಿರಲಿಲ್ಲ. ಮೆಹದಿಪಟ್ನಂ ಬಂದಾಗ ರಸ್ತೆ ನೋಡುತ್ತಲೇ ಕೇಳಿದರು: “ನೀ ಬರದಿದ್ರ ನಾ ಇಷ್ಟೊತ್ತಿಗೆ ಪೇಡೆ ಹಂಚಾಕತ್ತಿರತಿದ್ದೆ, ಅಲ್ಲ?”

“ಹೌದ್ರಿ,” ಎಂದೆ. ಸಮಾಧಾನ ಮಾಡಲಿಕ್ಕೆ ಹೋಗಲಿಲ್ಲ.